ಚಕ್ರವನ್ನೂ ಹಳಿಯನ್ನೂ ಒಟ್ಟಿಗೇ ಅಳೆಯಬೇಕು: ಸಣ್ಣ ಖಾಸಗಿ ರೈಲುಮಾರ್ಗದಲ್ಲಿ ಬಂಡಿ ಸಾಗಿಸುವ ಮತ್ತು ಹಳಿ ಕಾಯುವ ಕ್ರಮ

ವೇಲ್ಸ್‌ನ ಪಶ್ಚಿಮ ಕರಾವಳಿಯಲ್ಲಿರುವ ಟವಿನ್ ಎಂಬ ಊರಿನಿಂದ ಒಳನಾಡಿನ ಬೆಟ್ಟಗಳತ್ತ ಸಾಗುವ ಟಾಲಿಲಿನ್ ರೈಲುಮಾರ್ಗವನ್ನು ಸ್ಲೇಟು ಕಲ್ಲಿನ ಗಣಿಗಾಗಿ 1865ರಲ್ಲಿ ಕಟ್ಟಿದರು. ಮರುವರ್ಷದ ಡಿಸೆಂಬರ್‌ನಿಂದ ಅದರಲ್ಲಿ ಪ್ರಯಾಣಿಕರೂ ಓಡಾಡತೊಡಗಿದರು. ಹಳಿಗಳ ನಡುವಿನ ಅಗಲ 2 ಅಡಿ 3 ಅಂಗುಲ, ಎಂದರೆ 686 ಮಿಲಿಮೀಟರ್. 1950ರ ಜುಲೈನಲ್ಲಿ ಮಾಲೀಕರಾಗಿದ್ದ ಸರ್ ಹೆನ್ರಿ ಹೇಡನ್ ಜೋನ್ಸ್ ತೀರಿಕೊಂಡಾಗ ಮಾರ್ಗ ಮುಚ್ಚಿಹೋಗುವ ಸ್ಥಿತಿಯಲ್ಲಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಲೇಖಕ ಟಾಮ್ ರೋಲ್ಟ್ ಮತ್ತು ಅವರ ಜೊತೆಗಾರರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಭೆ ಸೇರಿ ಸಂಘ ಕಟ್ಟಿದರು, ಮತ್ತು 1951ರ ಮೇ 14ರಂದು ಸ್ವಯಂಸೇವಕರ ಮೊದಲ ರೈಲು ಹೊರಟಿತು. ಜಗತ್ತಿನಲ್ಲಿ ಹೀಗೆ ಸ್ವಯಂಸೇವಕರೇ ಉಳಿಸಿ ನಡೆಸಿದ ಮೊದಲ ರೈಲುಮಾರ್ಗ ಇದು.

ಎಂಜಿನ್ನುಗಳ ಕೊರತೆ ನೀಗಲು ಅವರು ಆ ವರ್ಷವೇ ನೆರೆಯ ಕೋರಿಸ್ ಮಾರ್ಗದ ಎರಡು ಉಗಿ ಎಂಜಿನ್ನುಗಳನ್ನು ತಲಾ 25 ಪೌಂಡಿಗೆ ಕೊಂಡು ತಂದರು. ಕೋರಿಸ್ 1948ರಲ್ಲಿ ಮುಚ್ಚಿತ್ತು, ಅದರ ಹಳಿಯ ಅಗಲವೂ ಇಷ್ಟೇ ಆಗಿತ್ತು. ಆದ್ದರಿಂದ ತೊಂದರೆ ಇರಲಾರದೆಂದು ತೋರಿತ್ತು. ಆದರೆ ಆ ಎರಡರಲ್ಲಿ ಸರ್ ಹೇಡನ್ ಎಂದು ಹೆಸರಾದ ಎಂಜಿನ್ ಓಡಿಸಿದಾಗಲೆಲ್ಲ ಮತ್ತೆಮತ್ತೆ ಹಳಿ ತಪ್ಪಿತು. ಅಳೆದು ನೋಡಿದಾಗ ಕಾರಣ ಗೊತ್ತಾಯಿತು. ಟಾಲಿಲಿನ್‌ನ ಹಳೆಯ ಕಂಪನಿಯವರು ತಮ್ಮ ಉದ್ದನೆಯ ಚಕ್ರಾಂತರದ (ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರ) ಎಂಜಿನ್ ತಿರುವುಗಳಲ್ಲಿ ಸಲೀಸಾಗಿ ಹೊರಳಲೆಂದು ಹಳಿಯನ್ನು ಸುಮಾರು ಅರ್ಧ ಅಂಗುಲ ಅಗಲವಾಗಿಯೇ ಇಟ್ಟುಕೊಂಡು ಬಂದಿದ್ದರು. ಅವರ ಎಂಜಿನ್ನುಗಳ ಚಕ್ರಗಳ ಉರುಳುಮೈ ಬಹಳ ಅಗಲವಾಗಿದ್ದುದರಿಂದ ಅವು ನಿಂತವು, ಹೊಸದಾಗಿ ಬಂದ ಎಂಜಿನ್ ನಿಲ್ಲಲಿಲ್ಲ. ಕೊನೆಗೆ ಇಡೀ ಮಾರ್ಗದ ಹಳಿಯನ್ನೇ ಸರಿಯಾದ ಅಗಲಕ್ಕೆ ಹೊಸದಾಗಿ ಹಾಸಿದ ಮೇಲೆ ಈ ಕಾಟ ತೀರಿತು.

ಈ ಲೇಖನದ ಎಲ್ಲ ಹಂತಗಳೂ ಆ ಅರ್ಧ ಅಂಗುಲದಿಂದ ಹುಟ್ಟುತ್ತವೆ. ಬಂಡಿಯನ್ನು ತರುವುದು ಒಂದು ಕೆಲಸ, ಹಳಿಯನ್ನು ಕಾಯುವುದು ಇನ್ನೊಂದು ಕೆಲಸ ಎಂದು ಬೇರ್ಪಡಿಸಿ, ಇಬ್ಬರ ಕೈಗೆ ಎರಡು ಪುಸ್ತಕ ಕೊಟ್ಟಲ್ಲೆಲ್ಲ ತಪ್ಪು ಆಗುತ್ತದೆ. ವಿದೇಶಗಳಲ್ಲಿ ಇಂಥ ಮಾರ್ಗಗಳಿಗೆ ವಾರಾಂತ್ಯದಲ್ಲಿ ದುಡಿಯಲು ಹೋಗುವ ಕನ್ನಡಿಗರನ್ನೂ, ನಮ್ಮಲ್ಲೇ ಉದ್ಯಾನ, ವಸ್ತುಸಂಗ್ರಹಾಲಯ, ತೋಟಗಳಲ್ಲಿ ಸಣ್ಣ ರೈಲನ್ನು ನೋಡಿಕೊಳ್ಳುವವರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲಿನಲ್ಲಿ ಕೂರುವ ಮಗುವೂ ಪ್ರಯಾಣಿಕನೇ. ಇಲ್ಲಿ ಹೇಳಿರುವುದು ಕೆಲಸದ ಕ್ರಮವೇ ಹೊರತು ಅನುಮತಿಯಲ್ಲ. ಎಷ್ಟು ಮಿಲಿಮೀಟರ್‌ವರೆಗೆ ಸಹಿಸಬಹುದು, ಯಾವಾಗ ರೈಲು ನಿಲ್ಲಿಸಬೇಕು ಎಂಬ ಮಿತಿಗಳನ್ನು ಆಯಾ ಮಾರ್ಗದ ಹೊಣೆ ಹೊತ್ತ ಎಂಜಿನಿಯರರೇ ಬರೆದು ಕೊಡಬೇಕು.

ಮೊದಲ ಹಂತ: ನಡೆದು ನೋಡುವುದು, ಅಳೆಯುವುದು

ಮಾರ್ಗದ ಉದ್ದಕ್ಕೂ 20 ಮೀಟರಿಗೊಂದು ಗುರುತು ಹಾಕಿ ಸಂಖ್ಯೆ ಬರೆಯಿರಿ. "ದೊಡ್ಡ ಮರದ ಹತ್ತಿರ" ಎಂದು ಬರೆದಿಟ್ಟ ದೋಷ ಮರುವರ್ಷ ಸಿಗುವುದಿಲ್ಲ. ಆಮೇಲೆ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದು, ಅದೇ ದಾರಿಯಲ್ಲಿ ಹಿಂದಿರುಗಿ ಬನ್ನಿ, ಏಕೆಂದರೆ ಹೋಗುವಾಗ ಕಾಣದ ಬಿರುಕು ಬರುವಾಗಿನ ಬೆಳಕಿನಲ್ಲಿ ಕಾಣುತ್ತದೆ. ನಮ್ಮ ರೈಲ್ವೆಯ ಕೀಮನ್ ದಿನವೂ ಸುತ್ತಿಗೆ, ಸ್ಪ್ಯಾನರ್ ಮತ್ತು ಬಾವುಟ ಹಿಡಿದು ತನ್ನ ಭಾಗವನ್ನು ಪೂರ್ತಿ ನಡೆಯುವುದು ಈ ಕಾರಣಕ್ಕೇ. ಸಣ್ಣ ಮಾರ್ಗದಲ್ಲಿ ದಿನವೂ ನಡೆಯಲು ಜನ ಸಿಗದಿದ್ದರೂ ಪ್ರಯಾಣಿಕರ ರೈಲು ಓಡುವ ಪ್ರತಿ ದಿನ ಬೆಳಿಗ್ಗೆ, ಮೊದಲ ರೈಲಿಗೆ ಮುಂಚೆ, ಯಾರಾದರೂ ಒಬ್ಬರು ಮಾರ್ಗವನ್ನು ನೋಡಿರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಳತೆಗಳು ನಾಲ್ಕು. ಹಳಿಯ ಅಗಲವನ್ನು ನೇರ ಭಾಗದಲ್ಲಿಯೂ ತಿರುವಿನಲ್ಲಿಯೂ 3 ಮೀಟರಿಗೊಮ್ಮೆ, ಹಳಿಯ ಎಲ್ಲ ಜೋಡಣೆಗಳಲ್ಲಿ ಮತ್ತು ಒಂದು ಹಳಿಯಿಂದ ಇನ್ನೊಂದಕ್ಕೆ ರೈಲನ್ನು ತಿರುಗಿಸುವ ಪಾಯಿಂಟ್ಸ್‌ನ ಉದ್ದಕ್ಕೂ ಅಳೆಯಿರಿ. ಎರಡನೆಯದು ಎಡಬಲ ಹಳಿಗಳ ಮಟ್ಟ. ಗೇಜ್ ಪಟ್ಟಿಯ ಮೇಲೆ ರಸಮಟ್ಟ ಇಟ್ಟು, ಯಾವ ಹಳಿ ಎಷ್ಟು ಎತ್ತರದಲ್ಲಿದೆ ಎಂದು ಬರೆದುಕೊಳ್ಳಿ.

ಮೂರನೆಯದಾದ ತಿರುಚನ್ನು ಹೊಸಬರು ಬಿಟ್ಟುಬಿಡುತ್ತಾರೆ, ಬಂಡಿಯನ್ನು ಹೆಚ್ಚಾಗಿ ಕೆಡವುವುದು ಅದೇ. ಒಂದು ಜಾಗದಲ್ಲಿ ಎಡ ಹಳಿ 6 ಮಿಲಿಮೀಟರ್ ಮೇಲಿದೆ, 3 ಮೀಟರ್ ಮುಂದೆ ಬಲ ಹಳಿ 6 ಮಿಲಿಮೀಟರ್ ಮೇಲಿದೆ ಎಂದುಕೊಳ್ಳಿ. ಎರಡೂ ಕಡೆ ಪ್ರತ್ಯೇಕವಾಗಿ ನೋಡಿದರೆ ದೋಷ ಸಣ್ಣದು. ಆದರೆ ಆ 3 ಮೀಟರಿನಲ್ಲಿ ಹಳಿ 12 ಮಿಲಿಮೀಟರ್ ತಿರುಚಿಕೊಂಡಿದೆ, ಎಂದರೆ 250ಕ್ಕೆ 1ರಷ್ಟು. ಅಚ್ಚುಗಳ ನಡುವೆ 3 ಮೀಟರ್ ಅಂತರವಿರುವ, ಸ್ಪ್ರಿಂಗ್ ಬಿಗಿಯಾದ ನಾಲ್ಕು ಚಕ್ರದ ಬಂಡಿಯೊಂದು ಅಲ್ಲಿ ನಿಂತರೆ, ಕಾಲು ಸಮವಿಲ್ಲದ ಮೇಜಿನಂತೆ ಅದರ ಒಂದು ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ. ಭಾರ ಕಳೆದುಕೊಂಡ ಆ ಚಕ್ರ ತಿರುವಿನ ಹೊರ ಹಳಿಯದಾಗಿದ್ದರೆ ಅದರ ಫ್ಲಾಂಜ್ (ಚಕ್ರ ಹಳಿ ಬಿಟ್ಟು ಜಾರದಂತೆ ತಡೆಯುವ ಒಳ ಅಂಚಿನ ಏಣು) ಹಳಿಯ ಮೇಲೆ ಹತ್ತುತ್ತದೆ. ಆದ್ದರಿಂದ ನಿಮ್ಮ ಮಾರ್ಗದಲ್ಲಿ ಓಡುವ ಬಂಡಿಗಳ ಚಕ್ರಾಂತರ ಎಷ್ಟಿದೆಯೋ ಅಷ್ಟು ದೂರದ ಎರಡು ಬಿಂದುಗಳ ಮಟ್ಟವನ್ನು ಹೋಲಿಸಬೇಕು. ಹಳಿಯ ಅಳತೆಯ ಅಂತರವನ್ನು ಬಂಡಿಯೇ ನಿರ್ಧರಿಸುತ್ತದೆ.

ಇಲ್ಲಿ ನನ್ನ ಅನುಭವವೊಂದನ್ನು ಹೇಳಬೇಕು. ನಾನು ಹಳಿ ಕಾಯುವ ಗ್ಯಾಂಗಿಗೆ ಸೇರಿದ ಮೊದಲ ವರ್ಷ, ಜಲ್ಲಿ ಇಳಿಸಿ ಖಾಲಿಯಾಗಿ ಹಿಂದಿರುಗುತ್ತಿದ್ದ ಬಂಡಿಯೊಂದು ನಾನೇ ಅಳೆದು ಸರಿಯಿದೆ ಎಂದು ಬರೆದಿದ್ದ ಜೋಡಣೆಯ ಬಳಿ ಹಳಿ ತಪ್ಪಿತು. ಯಾರಿಗೂ ಪೆಟ್ಟಾಗಲಿಲ್ಲ. ಹಳಿ ಖಾಲಿಯಿದ್ದಾಗ ರಸಮಟ್ಟ ಸರಿಯನ್ನೇ ತೋರಿಸಿತ್ತು, ಆದರೆ ಜೋಡಣೆಯ ಒಂದು ಬದಿಯಲ್ಲಿ ಸ್ಲೀಪರುಗಳ (ಹಳಿಗಳ ಅಡಿಯ ಅಡ್ಡದಿಮ್ಮಿಗಳು) ತುದಿ ಜಲ್ಲಿಯ ಮೇಲೆ ಕೂರದೆ ಹಳಿಗೆ ಜೋತುಬಿದ್ದಿತ್ತು, ಭಾರ ಬಂದಾಗ ಆ ಬದಿಯಷ್ಟೇ ಕುಸಿಯುತ್ತಿತ್ತು. ಅಂದಿನಿಂದ ಅನುಮಾನವಿದ್ದ ಕಡೆ ಸ್ಲೀಪರಿನ ಪಕ್ಕ ಒಂದು ಗೂಟ ನೆಟ್ಟು, ಹಳಿಯ ಅಡಿಯಿಂದ ಗೂಟದ ತಲೆಗೆ ಇರುವ ಅಂತರವನ್ನು ರೈಲು ಬರುವ ಮುನ್ನ ಅಳೆದು, ಭಾರದಲ್ಲಿ ಎಷ್ಟು ಕೆಳಗಿಳಿಯಿತು ಎಂಬುದನ್ನು ದಾಖಲಿಸಿ, ಮಟ್ಟದ ಲೆಕ್ಕಕ್ಕೆ ಸೇರಿಸುತ್ತೇನೆ. ಗೂಟದ ಮೇಲೆ ಜಾರುವ ತಂತಿಯ ಬಳೆಯೊಂದನ್ನು ಹಳಿಗೆ ತಾಗಿಸಿಟ್ಟರೆ, ರೈಲು ಹೋದ ಮೇಲೆ ಬಳೆ ಎಷ್ಟು ಜಾರಿದೆ ಎಂಬುದನ್ನು ದೂರ ನಿಂತಿದ್ದು ಬಂದು ನೋಡಬಹುದು. ರೈಲು ಸಾಗುವಾಗ ಹತ್ತಿರ ಬಗ್ಗಿ ನೋಡುವ ಅಗತ್ಯವಿಲ್ಲ, ನೋಡಲೂ ಬಾರದು.

ನಾಲ್ಕನೆಯದು ತಿರುವಿನ ಅಳತೆ. ಹೊರ ಹಳಿಯ ಒಳಮೈಗೆ 6 ಮೀಟರ್ ಉದ್ದದ ನೂಲನ್ನು ಬಿಗಿಯಾಗಿ ಹಿಡಿದು, ಅದರ ನಟ್ಟನಡುವೆ ನೂಲಿಗೂ ಹಳಿಗೂ ಇರುವ ದೂರವನ್ನು ಅಳೆಯಿರಿ. ನೂಲಿನ ಉದ್ದದ ವರ್ಗವನ್ನು ತ್ರಿಜ್ಯದ 8 ಪಟ್ಟಿನಿಂದ ಭಾಗಿಸಿದರೆ ಈ ದೂರ ಬರುತ್ತದೆ. 60 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅದು 75 ಮಿಲಿಮೀಟರ್. ತಿರುವಿನ ಉದ್ದಕ್ಕೂ 3 ಮೀಟರಿಗೊಮ್ಮೆ ಹೀಗೆ ಅಳೆದಾಗ 74, 76, 75 ಎಂದು ಬಂದರೆ ಹಳಿ ಸರಿಯಾಗಿದೆ. 60, 95, 68 ಎಂದು ಬಂದರೆ ನಡುವೆ ಮೊಣಕೈಯಂತೆ ಮಡಿಕೆ ಇದೆ ಎಂದರ್ಥ.

ನೀರು

ಹಳಿಯ ಕೆಲಸದ ಬಹುಪಾಲು ನೀರಿನ ಕೆಲಸ. ಪಶ್ಚಿಮ ವೇಲ್ಸ್‌ನಲ್ಲಿ ವರ್ಷವಿಡೀ ಮಳೆ, ನಮ್ಮ ಮಲೆನಾಡಿನಲ್ಲಿ ನಾಲ್ಕು ತಿಂಗಳು ಜಡಿಮಳೆ. ಎರಡೂ ಕಡೆ ಹಳಿಯನ್ನು ಹಾಳುಮಾಡುವ ಬಗೆ ಒಂದೇ. ಜಲ್ಲಿಯ ಸಂದುಗಳಲ್ಲಿ ಮಣ್ಣು, ಎಲೆಕೊಳೆ, ಪುಡಿ ತುಂಬಿದರೆ ನೀರು ಬಸಿಯುವುದಿಲ್ಲ. ಬಸಿಯದ ನೀರಿನ ಮೇಲೆ ಸ್ಲೀಪರ್ ಏರಿಳಿದಾಗಲೆಲ್ಲ ಅಡಿಯ ಮಣ್ಣು ಕೆಸರಾಗಿ ಮೇಲಕ್ಕೆ ಚಿಮ್ಮುತ್ತದೆ. ಒಣಗಿದ ಮೇಲೆ ಸ್ಲೀಪರಿನ ಸುತ್ತ ಬಿಳಿಚಿದ ಕಲೆಯಾಗಿ ಉಳಿಯುವುದು ಇದೇ. ಅಂಥ ಜಾಗಕ್ಕೆ ಮೇಲಿಂದ ಹೊಸ ಜಲ್ಲಿ ಸುರಿದರೆ ಒಂದು ಮಳೆಗಾಲವೂ ಬಾಳದು. ಕೆಸರಾದ ಜಲ್ಲಿಯನ್ನು ಸ್ಲೀಪರಿನ ಅಡಿಯವರೆಗೂ ತೋಡಿ ತೆಗೆದು, ಪಕ್ಕದ ಚರಂಡಿಗೆ ನೀರು ಇಳಿಯುವಂತೆ ಇಳಿಜಾರು ಕೊಟ್ಟು, ಆಮೇಲೆ ಹೊಸದನ್ನು ತುಂಬಬೇಕು. ಜಲ್ಲಿ ಒಡೆದ ಕಲ್ಲಿನದಾಗಿರಬೇಕು, ಅದರ ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳಬೇಕು. ಹೊಳೆಯ ಉರುಟು ಕಲ್ಲು ಜಾರುತ್ತದೆ.

ಜೋರು ಮಳೆ ಬರುವಾಗ ಕೊಡೆ ಹಿಡಿದು ಮಾರ್ಗದ ಪಕ್ಕದಲ್ಲಿ ನಡೆಯುವುದಕ್ಕೆ ಸಮನಾದ ತಪಾಸಣೆ ಬೇರೊಂದಿಲ್ಲ. ಗುಡ್ಡ ಕಡಿದ ಜಾಗದಲ್ಲಿ ನೀರು ಎಲ್ಲಿಂದ ಹೊರಡುತ್ತದೆ, ಯಾವ ಮೋರಿಯ ಬಾಯಿ ಕಟ್ಟಿಕೊಂಡಿದೆ, ಏರಿಯ ಯಾವ ಬದಿ ಉಬ್ಬಿದೆ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ. ಏರಿಯ ಮೇಲಿನ ಬೇಲಿಕಂಬಗಳು ವಾಲಿದ್ದರೆ ಮಣ್ಣು ಸರಿಯುತ್ತಿದೆ ಎಂದು ತಿಳಿದು, ಕಂಬ ನೆಟ್ಟಗೆ ಮಾಡುವ ಮೊದಲು ರೈಲು ನಿಲ್ಲಿಸಿ ಎಂಜಿನಿಯರರನ್ನು ಕರೆಯಿರಿ.

ಸ್ಲೀಪರು, ಜೋಡಣೆ, ಬಿಸಿಲು

ಮರದ ಸ್ಲೀಪರನ್ನು ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಸದ್ದು ಬಂದರೆ ಒಳಗು ಗಟ್ಟಿ, ಮಂಕು ಸದ್ದು ಬಂದರೆ ಕೊಳೆತಿದೆ. ಮೊಳೆಯನ್ನು ಹಾರೆಯಿಂದ ಮೀಟಿ, ಅದು ಸುಲಭವಾಗಿ ಮೇಲೆ ಬರುತ್ತದೆಯೇ ನೋಡಿ. ಬಿಡಿಬಿಡಿಯಾಗಿ ಅಲ್ಲೊಂದು ಇಲ್ಲೊಂದು ಕೆಟ್ಟಿದ್ದರೆ ಪಟ್ಟಿ ಮಾಡಿ ಬದಲಿಸಬಹುದು. ಸಾಲಾಗಿ ಮೂರು ಕೆಟ್ಟಿದ್ದರೆ, ಅದರಲ್ಲೂ ತಿರುವಿನಲ್ಲಿ, ಅಲ್ಲಿ ಹಳಿಯ ಅಗಲವನ್ನು ಹಿಡಿದಿಡುವ ವಸ್ತುವೇ ಇಲ್ಲವೆಂದು ಭಾವಿಸಿ.

ಸ್ಲೀಪರನ್ನು ಜಾಕ್‌ನಿಂದ ಎತ್ತಿ ಜಲ್ಲಿ ಗಿಡಿಯುವಾಗ ಹಳಿಯ ಕೆಳಗೂ ಅದರ ಎರಡೂ ಬದಿಗೂ ಬಿಗಿಯಾಗಿ ಗಿಡಿಯಿರಿ, ನಡುಭಾಗವನ್ನು ಸಡಿಲವಾಗಿ ಬಿಡಿ. ನಡುವೆಯೂ ಬಿಗಿ ಮಾಡಿದರೆ ಕಾಲಕ್ರಮದಲ್ಲಿ ಸ್ಲೀಪರ್ ನಡುವಿನ ಮೇಲೆ ಏತದಂತೆ ಆಡತೊಡಗುತ್ತದೆ.

ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. 9 ಮೀಟರ್ ಉದ್ದದ ಹಳಿ 30 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ, ಮತ್ತು ಆ 3 ಮಿಲಿಮೀಟರಿಗೆ ಪ್ರತಿ ಜೋಡಣೆಯಲ್ಲಿ ಜಾಗ ಬೇಕು. ಫಿಶ್‌ಪ್ಲೇಟ್ (ಎರಡು ಹಳಿಗಳ ತುದಿ ಸೇರಿಸುವ ಉಕ್ಕಿನ ಪಟ್ಟಿ) ತುಕ್ಕುಹಿಡಿದು ಕಚ್ಚಿಕೊಂಡಿದ್ದರೆ ಜಾಗವಿದ್ದರೂ ಹಳಿ ಜಾರುವುದಿಲ್ಲ, ಒತ್ತಡವೆಲ್ಲ ಸೇರಿ ಹಳಿಯನ್ನು ಪಕ್ಕಕ್ಕೆ ಬಾಗಿಸುತ್ತದೆ. ಅದಕ್ಕಾಗಿ ವರ್ಷಕ್ಕೊಮ್ಮೆ, ಚಳಿಯ ತಿಂಗಳುಗಳಲ್ಲಿ, ಫಿಶ್‌ಪ್ಲೇಟ್‌ಗಳನ್ನು ಒಂದೊಂದಾಗಿ ಬಿಚ್ಚಿ, ಉಜ್ಜಿ, ಬೋಲ್ಟಿನ ರಂಧ್ರಗಳ ಸುತ್ತ ಬಿರುಕಿದೆಯೇ ನೋಡಿ, ಎಣ್ಣೆ ಹಚ್ಚಿ ಮತ್ತೆ ಕೂರಿಸಬೇಕು. ಸುಡುಬಿಸಿಲಿನ ದಿನ ಜಲ್ಲಿ ಬಿಡಿಸುವ, ಹಳಿ ಎತ್ತುವ ಕೆಲಸಕ್ಕೆ ಕೈಹಾಕಬೇಡಿ. ಹಳಿಯನ್ನು ಪಕ್ಕದಿಂದ ಹಿಡಿದಿರುವುದು ಆ ಜಲ್ಲಿಯೇ.

ಹೊಸ ಬಂಡಿ ಬರುವ ಮುನ್ನ

ಬಂಡಿಯನ್ನು ಕೊಳ್ಳುವ ಮಾತು ನಡೆಯುವಾಗಲೇ ಮಾರಾಟಗಾರರಲ್ಲಿಗೆ ಹೋಗಿ ಚಕ್ರಗಳನ್ನು ಅಳೆಯಿರಿ. ಒಂದೇ ಅಚ್ಚಿನ ಎರಡು ಚಕ್ರಗಳ ಒಳಮೈಗಳ ನಡುವಿನ ದೂರ, ಫ್ಲಾಂಜಿನ ದಪ್ಪ, ಚಕ್ರದ ಒಟ್ಟು ಅಗಲ ಎಂಬ ಮೂರು ಅಂಕಿಗಳು ಬೇಕು. ಲೆಕ್ಕ ತಿಳಿಯಲೆಂದು ಈ ಅಂಕಿಗಳನ್ನು ಹಿಡಿಯೋಣ: ಒಳದೂರ 635, ಫ್ಲಾಂಜ್ 20, ಚಕ್ರದ ಅಗಲ 90 ಮಿಲಿಮೀಟರ್. ಎಡ ಚಕ್ರದ ಫ್ಲಾಂಜ್ ಎಡ ಹಳಿಗೆ ಒತ್ತಿ ನಿಂತಾಗ, ಅಲ್ಲಿಂದ ಬಲ ಚಕ್ರದ ಹೊರ ಅಂಚಿಗೆ ಮೂರನ್ನೂ ಕೂಡಿದರೆ 745 ಆಗುತ್ತದೆ. ಹಳಿಯ ಅಗಲ 686 ಇದ್ದರೆ ಬಲ ಚಕ್ರ ತನ್ನ ಹಳಿಯ ಮೇಲೆ 59 ಮಿಲಿಮೀಟರ್ ಕುಳಿತಿರುತ್ತದೆ. ಹಳಿ 700ಕ್ಕೆ ಅಗಲವಾಗಿದ್ದರೆ 45 ಮಾತ್ರ. ಫ್ಲಾಂಜ್ ಸವೆದಂತೆ, ಹಳಿಯ ತಲೆ ಸವೆದಂತೆ, ಕೊಳೆತ ಸ್ಲೀಪರಿನ ಮೇಲೆ ಭಾರ ಬಿದ್ದು ಹಳಿ ಹೊರಕ್ಕೆ ವಾಲಿದಂತೆ ಇದರಲ್ಲಿ ಇನ್ನಷ್ಟು ಕಳೆಯುತ್ತಾ ಹೋಗಿ. ನಿಮ್ಮ ಮಾರ್ಗದ ಅತ್ಯಂತ ಅಗಲವಾದ ಜಾಗದ ಅಳತೆಯನ್ನು ಹಾಕಿ ಈ ಲೆಕ್ಕ ಮಾಡಬೇಕೇ ಹೊರತು ಪುಸ್ತಕದಲ್ಲಿರುವ ಅಗಲವನ್ನು ಹಾಕಿ ಅಲ್ಲ. 1951ರಲ್ಲಿ ಹಳಿ ತಪ್ಪಿದ್ದು ಪುಸ್ತಕದ ಅಗಲಕ್ಕೂ ನೆಲದ ಅಗಲಕ್ಕೂ ಇದ್ದ ಅಂತರದಲ್ಲಿ.

ಪ್ರತಿ ಅಚ್ಚಿನ ಮೇಲಿನ ಭಾರವನ್ನು ನಿಮ್ಮ ಸೇತುವೆಗಳ ಮಿತಿಯೊಂದಿಗೆ ಹೋಲಿಸಿ. ಕೊಂಡಿಯ ಎತ್ತರ ಹೊಂದುತ್ತದೆಯೇ ನೋಡಿ.

ಆಮೇಲೆ ಮೈಯಳತೆ. ಟಾಲಿಲಿನ್‌ನ ಮೇಲುಸೇತುವೆಗಳ ಒಳ ಅಗಲ 9 ಅಡಿ 1 ಅಂಗುಲ ಮಾತ್ರ. 1866ರಲ್ಲಿ ಸರ್ಕಾರದ ತಪಾಸಣಾಧಿಕಾರಿ ಕ್ಯಾಪ್ಟನ್ ಟೈಲರ್ ಬಂದಾಗ, ಗಾಡಿಯ ಎರಡೂ ಬದಿಗೆ ಎರಡಡಿಯಷ್ಟೂ ಬಿಡುವು ಉಳಿಯುವುದಿಲ್ಲ, ಅಲ್ಲಿ ಗಾಡಿ ನಿಂತರೆ ಬಾಗಿಲು ತೆರೆದು ಇಳಿಯುವುದು ಅಪಾಯ ಎಂದು ಕಂಡುಕೊಂಡರು. ಸೇತುವೆಗಳನ್ನು ಕೆಡವಲಿಲ್ಲ. ಗಾಡಿಗಳ ಒಂದು ಬದಿಯ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಿ, ಸೇತುವೆಯ ಕೆಳಗೆ ಹಳಿಯನ್ನು ಒಂದು ಬದಿಗೆ ಸರಿಸಿ, ಬಾಗಿಲಿರುವ ಬದಿಗೆ ಸಾಕಷ್ಟು ಜಾಗ ಬಿಟ್ಟರು. ಗಾಡಿಯನ್ನೂ ಹಳಿಯನ್ನೂ ಒಟ್ಟಿಗೆ ಯೋಚಿಸಿದರೆ ಎಷ್ಟು ಕಡಿಮೆ ಖರ್ಚಿನಲ್ಲಿ ಜೀವ ಕಾಯಬಹುದು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ಇದಕ್ಕೊಂದು ಎಚ್ಚರಿಕೆಯೂ ಅಂಟಿಕೊಂಡಿದೆ: ಹಾಗೆ ಬೇಕೆಂದೇ ಸರಿಸಿಟ್ಟ ಹಳಿಯನ್ನು, ಕಾರಣ ತಿಳಿಯದ ಹೊಸ ಗ್ಯಾಂಗು "ನಟ್ಟನಡುವೆ" ತಂದು ಸರಿಪಡಿಸಿಬಿಡಬಾರದು. ಪ್ರತಿ ಸೇತುವೆಯಲ್ಲಿ ಹಳಿಯಿಂದ ಗೋಡೆಗೆ ಇರಬೇಕಾದ ದೂರವನ್ನು ಗೋಡೆಯ ಮೇಲೆಯೇ ಬಣ್ಣದಲ್ಲಿ ಬರೆದಿಡಿ.

ತಿರುವಿನಲ್ಲಿ ಉದ್ದನೆಯ ಗಾಡಿಯ ನಡುಭಾಗ ಒಳಕ್ಕೂ ತುದಿಗಳು ಹೊರಕ್ಕೂ ಚಾಚುತ್ತವೆ. 10 ಮೀಟರ್ ಉದ್ದದ, ಬೋಗಿಗಳ (ಇಲ್ಲಿ ಬೋಗಿ ಎಂದರೆ ಗಾಡಿಯ ಪ್ರತಿ ತುದಿಯ ಅಡಿಯಲ್ಲಿ ತಿರುಗುವ ಚಕ್ರಗಳ ಚೌಕಟ್ಟು) ನಡುವೆ 6 ಮೀಟರ್ ಇರುವ ಗಾಡಿ 60 ಮೀಟರ್ ತ್ರಿಜ್ಯದ ತಿರುವಿನಲ್ಲಿ ನಡುವೆ 75 ಮಿಲಿಮೀಟರ್ ಒಳಕ್ಕೆ ಬರುತ್ತದೆ. ನೂಲು ಹಿಡಿದು ಕಂಡುಕೊಂಡ ಅಂಕಿಯೇ ಇದು, ಏಕೆಂದರೆ ಇಲ್ಲಿ ಗಾಡಿಯೇ ನೂಲು. ತುದಿಯ ಚಾಚನ್ನು ಪಡೆಯಲು ಗಾಡಿಯ ಉದ್ದದ ವರ್ಗದಲ್ಲಿ ಬೋಗಿಯ ಅಂತರದ ವರ್ಗವನ್ನು ಕಳೆದು, ತ್ರಿಜ್ಯದ 8 ಪಟ್ಟಿನಿಂದ ಭಾಗಿಸಿ. ಇಲ್ಲಿ ಅದು ಸುಮಾರು 133 ಮಿಲಿಮೀಟರ್. ಲೆಕ್ಕ ಮುಗಿದ ಮೇಲೂ ಹೊಸ ಬಂಡಿಯ ಮೈಯಳತೆಗೆ ಹೊಂದುವ ಮರದ ಚೌಕಟ್ಟೊಂದನ್ನು, ಚಕ್ರಾಂತರ ಅಷ್ಟೇ ಇರುವ ತೆರೆದ ಬಂಡಿಯ ಮೇಲೆ ಕಟ್ಟಿ, ಮಾರ್ಗದ ಉದ್ದಕ್ಕೂ ಕೈಯಿಂದ ತಳ್ಳಿಕೊಂಡು ಹೋಗಿ ನೋಡುವುದು ಒಳ್ಳೆಯದು. ಮರದ ಕೊಂಬೆಗಳನ್ನು ಲೆಕ್ಕ ಹಿಡಿಯುವುದಿಲ್ಲ, ಚೌಕಟ್ಟು ಹಿಡಿಯುತ್ತದೆ.

ಲಾರಿಯಿಂದ ಹಳಿಗೆ

ಇಳಿಸುವ ಜಾಗ ಗಟ್ಟಿ ನೆಲವಾಗಿರಬೇಕು, ಇಳಿಜಾರು ಆದಷ್ಟು ಕಡಿಮೆ ಇರಬೇಕು. ಲಾರಿಯ ಮೇಲಿನ ಹಳಿ, ಇಳಿಯುವ ಹಳಿ, ಮಾರ್ಗದ ಹಳಿ ಮೂರನ್ನೂ ಫಿಶ್‌ಪ್ಲೇಟ್ ಹಾಕಿ ಜೋಡಿಸಿ, ಅಗಲ ಕೆಡದಂತೆ ಉಕ್ಕಿನ ಸರಳುಗಳಿಂದ ಅಡ್ಡ ಬಿಗಿಯಿರಿ. ಸುಮ್ಮನೆ ತುದಿಗೆ ತುದಿ ತಾಗಿಸಿಟ್ಟ ಹಳಿ ಚಕ್ರದ ಭಾರಕ್ಕೆ ಸರಿದುಹೋಗುತ್ತದೆ. ವಿಂಚಿನ ಹಗ್ಗ ಬಂಡಿಯನ್ನು ಮೇಲಿನಿಂದ ಹಿಡಿದಿರಬೇಕು. ಬಂಡಿಯ ಕೆಳಬದಿಯಲ್ಲಾಗಲಿ, ಬಿಗಿದ ಹಗ್ಗದ ಸಾಲಿನಲ್ಲಾಗಲಿ ಒಬ್ಬರೂ ನಿಲ್ಲಬಾರದು, ಏಕೆಂದರೆ ತುಂಡಾದ ಹಗ್ಗ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಇಬ್ಬರು ಎರಡು ಬದಿಯಲ್ಲಿ ಉದ್ದ ಹಿಡಿಯ ಮರದ ಅಡೆಗಳನ್ನು ಚಕ್ರದ ಬೆನ್ನಿಗೆ ಸರಿಸುತ್ತಾ ಬರಲಿ, ಕೈ ಚಕ್ರದ ಹತ್ತಿರ ಹೋಗದಿರಲಿ. ಆಜ್ಞೆ ಕೊಡುವವರು ಒಬ್ಬರೇ. "ನಿಲ್ಲಿಸಿ" ಎಂಬ ಮಾತನ್ನು ಮಾತ್ರ ಯಾರು ಬೇಕಾದರೂ ಕೂಗಬಹುದು, ಕೂಗಿದೊಡನೆ ನಿಲ್ಲಿಸಬೇಕು.

ಹಳಿಯ ಮೇಲೆ ಸಾಗಿಸುವಾಗ

1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಪಟ್ಟಣದ ಬಳಿ, ಮಕ್ಕಳೂ ಹಿರಿಯರೂ ಕಿಕ್ಕಿರಿದು ತುಂಬಿದ್ದ ವಿಹಾರದ ರೈಲೊಂದು ಏರು ಹತ್ತಲಾರದೆ ನಿಂತಿತು. ರೈಲನ್ನು ಎರಡು ಭಾಗ ಮಾಡಿ ಮುಂದಿನದನ್ನು ಮೊದಲು ಒಯ್ಯೋಣವೆಂದು ತೀರ್ಮಾನಿಸಿ, ಹಿಂದಿನ ಗಾಡಿಗಳ ಚಕ್ರಕ್ಕೆ ಕಲ್ಲುಗಳನ್ನು ಅಡೆ ಕೊಟ್ಟರು. ಎಂಜಿನ್ ಹೊರಡುವಾಗ ಮುಂದಿನ ಭಾಗ ತುಸು ಹಿಂದಕ್ಕೆ ತಾಗಿತು. ಕಲ್ಲುಗಳು ಪುಡಿಯಾದವು, ಕೈಬ್ರೇಕು ಹಿಡಿಯಲಿಲ್ಲ, ಗಾಡಿಗಳು ಇಳಿಜಾರಿನಲ್ಲಿ ಓಡಿ ಹಿಂದೆ ಬರುತ್ತಿದ್ದ ರೈಲಿಗೆ ಬಡಿದು ಸುಮಾರು 80 ಜನ ಸತ್ತರು. ಕೊಂಡಿ ಕಳಚಿದರೆ ತಾನಾಗಿಯೇ ಹಿಡಿಯುವ, ಇಡೀ ರೈಲಿಗೆ ಹಬ್ಬಿದ ಬ್ರೇಕನ್ನು ಪ್ರಯಾಣಿಕರ ರೈಲುಗಳಿಗೆ ಕಡ್ಡಾಯ ಮಾಡುವ ಕಾನೂನು ಆ ವರ್ಷವೇ ಬಂತು.

ಹೊಸದಾಗಿ ತಂದ ಬಂಡಿಗೆ ಆ ಬ್ರೇಕು ಇನ್ನೂ ಜೋಡಣೆಯಾಗಿರುವುದಿಲ್ಲ, ಆದ್ದರಿಂದ ಅದನ್ನು ಸಾಗಿಸುವಾಗ ನಾವೂ 1889ರ ಸ್ಥಿತಿಯಲ್ಲೇ ಇರುತ್ತೇವೆ. ಎಂಜಿನ್ ಯಾವಾಗಲೂ ಇಳಿಜಾರಿನ ಕೆಳಬದಿಯಲ್ಲಿರಲಿ, ಆಗ ಕೊಂಡಿ ಕಳಚಿದರೂ ಬಂಡಿ ಎಂಜಿನ್ನಿಗೇ ಒರಗಿ ನಿಲ್ಲುತ್ತದೆ. ಕೊಂಡಿಯ ಜೊತೆಗೆ ಸರಪಣಿಯನ್ನೂ ಹಾಕಿ. ಬಂಡಿಯನ್ನು ನಿಲ್ಲಿಸಿದ ಕಡೆ ಕೈಬ್ರೇಕು, ಚಕ್ರದ ಆಕಾರಕ್ಕೆ ಕೆತ್ತಿದ ಗಟ್ಟಿ ಮರದ ಅಡೆ, ಹಳಿಗೆ ಬಿಗಿದ ಸರಪಣಿ ಮೂರೂ ಇರಲಿ. ದಾರಿಬದಿಯ ಕಲ್ಲನ್ನು ಅಡೆಯಾಗಿ ಬಳಸುವುದನ್ನು ನಿಮ್ಮ ಮಾರ್ಗದಲ್ಲಿ ಸಂಪೂರ್ಣವಾಗಿ ನಿಷೇಧಿಸಿ.

ಉರಿ ಇಲ್ಲದ ಉಗಿ ಎಂಜಿನ್ನನ್ನು ಎಳೆಯುವುದಾದರೆ ಸಿಲಿಂಡರಿಗೆ ಎಣ್ಣೆ ಬಿಟ್ಟು, ಅದರ ಬಸಿನಲ್ಲಿಗಳನ್ನು ತೆರೆದಿಡಿ. ದೂರ ಎಳೆಯಬೇಕಿದ್ದರೆ ಸಿಲಿಂಡರಿನ ಬಲವನ್ನು ಚಕ್ರಕ್ಕೆ ಒಯ್ಯುವ ಕನೆಕ್ಟಿಂಗ್ ರಾಡುಗಳನ್ನು ಕಳಚುವುದು ಮೇಲು. ವೇಗ ಮನುಷ್ಯನ ನಡಿಗೆಯಷ್ಟು ಸಾಕು. 200 ಮೀಟರ್ ಹೋದ ಮೇಲೆ ನಿಲ್ಲಿಸಿ ಪ್ರತಿ ಆಕ್ಸಲ್ ಬಾಕ್ಸಿನ (ಅಚ್ಚಿನ ತುದಿ ತಿರುಗುವ ಪೆಟ್ಟಿಗೆ) ಹತ್ತಿರ ಅಂಗೈ ಒಡ್ಡಿ ಬಿಸಿಯನ್ನು ನೋಡಿ, ಮತ್ತೆ ಒಂದು ಕಿಲೋಮೀಟರಿಗೆ ನೋಡಿ. ತಿರುವು ಮತ್ತು ಪಾಯಿಂಟ್ಸ್‌ಗಳಲ್ಲಿ ಒಬ್ಬರು ಬದಿಯಲ್ಲಿ ನಡೆಯುತ್ತಾ ಚಕ್ರವನ್ನೇ ಗಮನಿಸಲಿ.

ಟೋಕನ್ ಕೈಯಲ್ಲಿರಲಿ

ಒಂಟಿ ಹಳಿಯ ಮಾರ್ಗದಲ್ಲಿ ಒಂದು ಭಾಗದ ಟೋಕನ್ (ಆ ಭಾಗಕ್ಕೆಂದೇ ಇರುವ ಗುರುತಿನ ಕೋಲು ಅಥವಾ ಬಿಲ್ಲೆ) ಯಾರ ಬಳಿ ಇದೆಯೋ ಅವರಿಗೆ ಮಾತ್ರ ಆ ಭಾಗಕ್ಕೆ ಪ್ರವೇಶ. ಗ್ಯಾಂಗು ಹಳಿ ಬಿಚ್ಚುವ ಮುನ್ನ ಟೋಕನ್ ಮೇಸ್ತ್ರಿಯ ಕೈಗೆ ಬಂದಿರಬೇಕು. "ಇವತ್ತು ರೈಲಿಲ್ಲ" ಎಂಬ ಬಾಯಿಮಾತು ಸಾಲದು. ಕೆಲಸದ ಎರಡೂ ತುದಿಯಲ್ಲಿ ಕೆಂಪು ಬಾವುಟ ನೆಡಿ. ಸಂಜೆ ಹಾರೆ, ಪಿಕಾಸಿ, ಜಾಕ್, ಸ್ಪ್ಯಾನರ್‌ಗಳನ್ನು ಬೆಳಗಿನ ಪಟ್ಟಿಗೆ ತಾಳೆ ನೋಡಿ ಎಣಿಸಿ, ಏಕೆಂದರೆ ಹಳಿಯ ನಡುವೆ ಮರೆತ ಜಾಕ್ ಒಂದೇ ಸಾಕು. ಬಿಚ್ಚಿದ ಪ್ರತಿ ಜೋಡಣೆಯ ಬೋಲ್ಟುಗಳನ್ನು ಬಿಗಿದವರಲ್ಲದೆ ಇನ್ನೊಬ್ಬರೂ ಮುಟ್ಟಿ ನೋಡಲಿ. ಅಗಲ, ಮಟ್ಟ, ತಿರುಚುಗಳನ್ನು ಮತ್ತೊಮ್ಮೆ ಅಳೆದು ಬರೆದು, ಮೇಸ್ತ್ರಿ ಸಹಿ ಹಾಕಿದ ಮೇಲೆ ಟೋಕನ್ ಮರಳಿಸಿ.

ಹೊಸದಾಗಿ ಗಿಡಿದ ಜಲ್ಲಿ ಭಾರಕ್ಕೆ ಕೂರುತ್ತದೆ. ಮರುದಿನದ ಮೊದಲ ರೈಲು ಪ್ರಯಾಣಿಕರಿಲ್ಲದೆ ಆ ಜಾಗವನ್ನು ನಡಿಗೆಯ ವೇಗದಲ್ಲಿ ದಾಟಲಿ, ಅದರ ಹಿಂದೆಯೇ ಹೋಗಿ ಮಟ್ಟ ನೋಡಿ. ಒಂದು ವಾರದ ನಂತರ ಅದೇ ಗುರುತಿನ ಸಂಖ್ಯೆಗಳಲ್ಲಿ ಇನ್ನೊಮ್ಮೆ ಅಳೆದು, ಎರಡು ಸಾಲು ಅಂಕಿಗಳನ್ನೂ ಒಂದೇ ಪುಟದಲ್ಲಿ, ಆ ವಾರ ಅಲ್ಲಿ ಓಡಿದ ಬಂಡಿಗಳ ಹೆಸರಿನೊಂದಿಗೆ ಬರೆದಿಡಿ.